ಎರಿ ಮಣ್ಣಾಗ ಹಚ್ಚಿದ ಗಿಡ್ಡ ಮೋರಪಂಖಿ, ಜೂನಿಪರ್ ಒಳಗಿಂದ ಒಣಗಾಕತ್ತಾವ: ನೀರು ಹೆಚ್ಚಾತೋ, ಕಡಿಮಿ ಆತೋ?

ಗುಮ್ಮಟದೂರು (ವಿಜಯಪುರ)

ನಮಸ್ಕಾರ್ರಿ ಎಲ್ಲಾರಿಗೂ. ಮನಿ ಮುಂದ ಕಂಪೌಂಡ್ ಗ್ವಾಡಿಗೆ ಹತ್ತಿ 22 ಫೂಟ್ ಉದ್ದ, 3 ಫೂಟ್ ಅಗಲದ ಪಟ್ಟಿ ಐತಿ. ಪೂರ್ವದ ಮಾರಿ, ಮುಂಜಾನಿ 7ರಿಂದ ಮಧ್ಯಾಹ್ನ 2ರ ತನಕ ಬಿಸಲು. ಮಣ್ಣು ಪೂರಾ ಕರಿ ಎರಿ. ಬ್ಯಾಸಗ್ಯಾಗ ಬೆರಳು ಹೋಗುವಂಥ ಬಿರುಕು ಬಿಡತೈತಿ. ನೀರು ಬೋರಿಂದು, ಮೀಟರಿನ್ಯಾಗ ಟಿಡಿಎಸ್ (ನೀರಾಗ ಕರಗಿದ ಉಪ್ಪಿನ ಅಳತಿ) 1,450 ತೋರಸತೈತಿ.

ಅಕ್ಟೋಬರಿನ್ಯಾಗ ಹಚ್ಚಿದ್ದು 7 ಗಿಡ: ಬಂಗಾರ ಬಣ್ಣದ ಗುಂಡು ಮೋರಪಂಖಿ 4, ನೆಲಕ್ಕ ಹರಡೋ ಜೂನಿಪರ್ 2, ನೆಟ್ಟಗ ಬೆಳೆಯೋ ಹಳದಿ ಬಣ್ಣದ್ದು 1 (ಎಲಿ ತಿಕ್ಕಿದ್ರ ನಿಂಬಿ ವಾಸನಿ, ನರ್ಸರಿಯಾಗ ಗೋಲ್ಡನ್ ಸೈಪ್ರೆಸ್ ಅಂದ್ರು). ಒಂದೂವರಿ ಫೂಟಿನ ತಗ್ಗು ತಗದು, ಬುಡಕ್ಕ ಎರಡಿಂಚು ಖಡಿ ಹಾಕಿ, ಮ್ಯಾಲ ಕೋಕೋಪೀಟ್, ಹೆಂಡಿಗೊಬ್ಬರ, ಕೆಂಪು ಮಣ್ಣು ಸಮಪಾಲು ತುಂಬೇತಿ. ದಿನಾ ಗಿಡಕ್ಕ ಅರ್ಧ ಬಕೀಟು ನೀರು.

ಈಗ ಮಾರ್ಚ್ ಕಡೀಕ ನಿಂಬಿ ವಾಸನಿದು ಪೂರಾ ಹುಲ್ಲಿನ ಬಣ್ಣಕ್ಕ ತಿರಗೇತಿ. ಮೋರಪಂಖಿಯೊಳಗ ಎರಡು ಒಳಗಿಂದ ಕಂದಾಗಿ ಹೊರಗ ಬರಾಕತ್ತಾವ, ಇನ್ನೆರಡು ಚಲೋ ಅದಾವ. ಜೂನಿಪರ್ ಸತ್ತಿಲ್ಲ, ಆದ್ರ ಮಬ್ಬ ಬೂದಿ ಬಣ್ಣ. ಕೇಳೂದು ಇಷ್ಟ: ನೀರು ಹೆಚ್ಚೋ ಕಡಿಮಿಯೋ? ಕಂದಾಗಿದ್ದನ್ನ ಕತ್ತರಿಸಿದ್ರ ಹೊಸಾ ಚಿಗುರು ಬರತೈತೇನು? 3 ಫೂಟಿನ ಮ್ಯಾಲ ಹೋಗದಂಗ ನಮ್ಮ ಕಡೆ ಬಾಳೋ ಜಾತಿ ಯಾವು?

ಮಸಾರಿ (ಬಾಗಲಕೋಟ)

ನೀರು ಹೆಚ್ಚಾಗೇತಿ. ಆದ್ರ ನೀರಿಗಿಂತ ತಗ್ಗಿನ ತಪ್ಪು ದೊಡ್ಡದು.

ಎರಿ ಮಣ್ಣಾಗ ತಗ್ಗು ತಗದು ಒಳಗ ಹಗುರ ಮಣ್ಣು ತುಂಬಿದ್ರ ಅದು ತಗ್ಗಲ್ಲ, ಸಣ್ಣ ಬಾವಿ. ಹಾಕಿದ ನೀರು ಹಗುರ ಮಣ್ಣಾಗ ಸರ್ರನ ಇಳೀತೈತಿ, ಸುತ್ತಲಿನ ಎರಿಗೆ ಬಂದು ನಿಲ್ಲತೈತಿ. ಮ್ಯಾಲ ಎರಡಿಂಚು ಒಣಗಿದ್ದು ನೋಡಿ ನಾವು ಮತ್ತ ಹಾಕತೀವಿ. ಬುಡಕ್ಕ ಹಾಕಿದ ಖಡಿನೂ ಉಪಯೋಗಿಲ್ಲ. ಸಣ್ಣ ಕಣದ ಮಣ್ಣಿಂದ ದಪ್ಪ ಖಡಿಗೆ ನೀರು ಸುಮ್ಮನ ಇಳಿಯೂದಿಲ್ಲ. ಮ್ಯಾಲಿನ ಮಣ್ಣು ತುಂಬಿ ಸೋರುವಷ್ಟು ತೊಯ್ದ ಮ್ಯಾಲನ ಇಳೀತೈತಿ. ಅಂದ್ರ ಖಡಿ ಹಾಕಿದಷ್ಟೂ ರಾಡಿ ಬೇರಿನ ಹತ್ರ ಏರತೈತಿ. ಕುಂಡಕ್ಕೂ ಇದ ಲೆಕ್ಕ.

ಇನ್ನೊಂದು ತಿಳಕೋಬೇಕು. ದಾಸವಾಳ, ಮಲ್ಲಿಗಿ ನೀರು ಕಡಿಮಿ ಆದ್ರ ಎಲಿ ಜೋಲಿ ಬಿಟ್ಟು ಹೇಳತಾವ. ಈ ಜಾತಿ ಹೇಳೂದಿಲ್ಲ. ಎಲಿ ಅಂದ್ರ ಹುರುಪಿಯಂಥಾದ್ದು, ಮ್ಯಾಲ ಮೇಣದ ಪದರ. ಬೇರು ಸತ್ತು ಮೂರು ನಾಕು ವಾರ ಆದ್ರೂ ಗಿಡ ಹಸರ ಕಾಣತೈತಿ, ಚಳಿಗಾಲದಾಗ ಇನ್ನೂ ಹೆಚ್ಚು ದಿನ. ಈಗ ಕಂಡ ಕಂದು ಬಣ್ಣ ಜನವರಿ, ಫೆಬ್ರವರಿ ಬ್ಯಾನಿ. ಹಿಂಗಾಗಿ ಬಣ್ಣ ಕೆಟ್ಟಿದ್ದು ನೋಡಿ ನೀರು ಹೆಚ್ಚು ಮಾಡಿದವರ ಕೈಯಾಗ ಇವು ಲಗೂನ ಹೋಗತಾವ.

ಮೊದಲ ಪರೀಕ್ಷಾ ಮಾಡ್ರಿ. ಕಾಂಡದ ಮ್ಯಾಲ ಉಗುರಿನಿಂದ ತೊಗಟಿ ಕೆರೀರಿ: ಹಸರು ತೇವ ಇದ್ರ ಜೀವಂತ, ಕಂದು ಒಣಕಲು ಇದ್ರ ಅಲ್ಲಿಂದ ಮ್ಯಾಲಿಂದು ಮುಗದೈತಿ. ನೆತ್ತಿಯಿಂದ ಶುರು ಮಾಡಿ ಬುಡಕ್ಕ ಬರ್ರಿ. ಆಮ್ಯಾಲ ಗಿಡದಿಂದ ಒಂದು ಗೇಣು ದೂರ 8 ಇಂಚು ಆಳ ಕೈ ಸಲಿಕಿಯಿಂದ ತಗೀರಿ. ಮಣ್ಣು ಮೂಸಿ ನೋಡ್ರಿ. ಗಟಾರದ ವಾಸನಿ ಬಂದ್ರ ಗಾಳಿ ಇಲ್ಲ ಅಂತ ಅರ್ಥ. ಸಣ್ಣ ಬೇರು ಹಿಡದು ಎಳೀರಿ. ಚಲೋ ಬೇರಿನ ತುದಿ ಕೆನಿ ಬಣ್ಣ ಇರತೈತಿ, ಕೊಳತಿದ್ದು ಕರ್ರಗ, ಮ್ಯಾಲಿನ ಸಿಪ್ಪಿ ಕೈಗೆ ಬಂದು ಒಳಗ ದಾರದಂಥ ಎಳಿ ಉಳೀತೈತಿ.

ಪಟ್ಟಿಯ ನೀರು ಇಳಿಯೂದು ಅಳೀಬೇಕು ಅಂದ್ರ ಖಾಲಿ ಜಾಗಾದಾಗ 1 ಫೂಟ್ ಅಗಲ, 1 ಫೂಟ್ ಆಳದ ತಗ್ಗು ತಗದು ನೀರು ತುಂಬ್ರಿ. ಪೂರಾ ಇಂಗಿದ ಮ್ಯಾಲ ಎರಡನೇ ಸಲ ತುಂಬಿ ಕಡ್ಡಿ ಇಟ್ಟು ಅಳೀರಿ. ತಾಸಿಗೆ ಒಂದು ಇಂಚಿಗಿಂತ ಕಡಿಮಿ ಇಳದ್ರ ಅಲ್ಲಿ ತಗ್ಗಿನ್ಯಾಗ ಯಾವ ಕೋನಿಫರೂ (ಮೋರಪಂಖಿ, ಜೂನಿಪರ್, ಸೈಪ್ರೆಸ್ ಸೇರಿದ ಗಿಡಗಳ ಗುಂಪು) ಹಚ್ಚಬ್ಯಾಡ್ರಿ. ಎರಿ ಮಣ್ಣಾಗ ಬಹಳ ಕಡೆ ಇದ ಫಲಿತಾಂಶ. ಮೊದಲ ಸಲದ ಅಳತಿ ಹಿಡೀಬ್ಯಾಡ್ರಿ; ಒಣಾ ಎರಿ ಬಿರುಕಿನ್ಯಾಗ ನೀರು ಕುಡದು ಮೋಸ ಮಾಡತೈತಿ.

ಉಪಾಯ ಅಂದ್ರ ಏರುಮಡಿ. ನಿಮ್ಮ 3 ಫೂಟ್ ಅಗಲದಾಗ ಗ್ವಾಡಿ ಕಡೆ ಅರ್ಧ ಫೂಟ್ ಬಿಡ್ರಿ (ಮಣ್ಣು ಗ್ವಾಡಿಗೆ ಹಚ್ಚಿ ಏರಿಸಿದ್ರ ಪ್ಲಾಸ್ಟರ್ ತೇವ ಹಿಡೀತೈತಿ). ಉಳದ ಎರಡೂವರಿ ಫೂಟಿಗೆ ಫರಸಿ ಕಲ್ಲು ನಿಲ್ಲಿಸಿ 15 ಇಂಚು ಎತ್ತರ ಮಾಡ್ರಿ, ಕಲ್ಲಿನ ನಡುವ ಸಂದಿ ಇರಲಿ, ಸಿಮೆಂಟ್ ಹಾಕಬ್ಯಾಡ್ರಿ. 22 ಫೂಟಿಗೆ ಸುಮಾರು 70 ಘನ ಅಡಿ ಆಗತೈತಿ, ಕುಂದೂದು ಹಿಡದು 80 ಬೇಕು, ಅಂದ್ರ ಮುಕ್ಕಾಲು ಬ್ರಾಸಿಗಿಂತ (ಒಂದು ಬ್ರಾಸ್ ಅಂದ್ರ 100 ಘನ ಅಡಿ) ಸ್ವಲ್ಪ ಹೆಚ್ಚು. ಹತ್ತು ಬುಟ್ಟಿಗೆ ಲೆಕ್ಕ ಹಿಂಗ: ಮಸಾರಿ ಮಣ್ಣು 4, ದಪ್ಪ ಉಸುಕು 2, ಕಡಲಿ ಕಾಳಿನಷ್ಟ ಇಟ್ಟಂಗಿ ಚೂರು 2, ಪೂರಾ ಕಳತ ತಿಪ್ಪಿಗೊಬ್ಬರ 2. ಗೊಬ್ಬರ 16 ಘನ ಅಡಿ ಬರತೈತಿ. ಸಿಮೆಂಟ್ ಚೀಲದ ಲೆಕ್ಕದಾಗ ಸುಮಾರು 13 ಚೀಲ. ಹಸೀ ಹೆಂಡಿ ಬ್ಯಾಡ. ಪ್ಲಾಸ್ಟರ್ ಉಸುಕೂ ಬ್ಯಾಡ, ಅದು ಮಣ್ಣಿನ ಜೋಡಿ ಸೇರಿ ಗಚ್ಚಾಗತೈತಿ. ಇಟ್ಟಂಗಿ ಚೂರು ಒಂದು ರಾತ್ರಿ ನೀರಾಗ ನೆನಸಿ ಆ ನೀರು ಚೆಲ್ಲಿ ಹಾಕ್ರಿ, ಸವಳು ಮಣ್ಣಿನ ಇಟ್ಟಂಗಿ ಇದ್ರ ಉಪ್ಪು ಬಿಡತೈತಿ.

ಕೆಳಗಿನ ಎರಿ ಮ್ಯಾಲ ಸೀದಾ ಸುರೀಬ್ಯಾಡ್ರಿ. 6 ಇಂಚು ಕೆದರಿ, ಮೊದಲಿನ ಎರಡು ಬುಟ್ಟಿ ಮಿಶ್ರಣ ಅದರಾಗ ಕಲಸಿ, ಆಮ್ಯಾಲ ಏರಸ್ರಿ. ಎರಡು ಮಣ್ಣಿನ ನಡುವ ಚಾಕೂವಿಂದ ಕೊಯ್ದಂಥ ಗೆರಿ ಇರಬಾರದು. ಹಳೇ ತಗ್ಗು ಇದ್ದಲ್ಲಿ ಒಳಗಿನ ಕೋಕೋಪೀಟ್ ಎಲ್ಲಾ ಹೊರಗ ತಗದು, ಅಲ್ಲಿದ್ದ ಎರಿ ಮಣ್ಣನ್ನ ತಿರುಗಿ ತುಂಬಿ ತುಳೀರಿ. ತಗ್ಗು ಹಂಗ ಉಳದ್ರ ಏರುಮಡಿ ಕೆಳಗೂ ಅದು ಬಾವಿನ.

ಈಗ ಮಾರ್ಚ್ ಕಡೀಕ ಏನು ಮಾಡೂದು? ಪೂರಾ ಸತ್ತಿದ್ದು ಕಿತ್ತು ಒಗೀರಿ. ಚಲೋ ಇರೋ ಗಿಡ ಅಲುಗಾಡಸಬ್ಯಾಡ್ರಿ, ಬರೇ ನೀರು ನಿಲ್ಲಸ್ರಿ. 4 ಇಂಚು ಆಳಕ್ಕ ಬೆರಳು, ಇಲ್ಲಾ ಒಣಾ ಕಡ್ಡಿ ಚುಚ್ಚಿ, ಮಣ್ಣು ಅಂಟದಂಗ ಬಂದ ದಿನ ಹಾಕ್ರಿ. ಅರ್ಧ ಕೆಟ್ಟಿದ್ದಕ್ಕ ಎರಡು ದಾರಿ: ಮಣ್ಣು ನಾರತಿದ್ರ ಬಿಸಲು ಲೆಕ್ಕಿಸದ ಎತ್ತಲೇಬೇಕು, ಸಂಜಿಮುಂದ ಎತ್ತಿ, ಕರ್ರಗಿನ ಬೇರು ಕತ್ತರಿಸಿ, ಇದ ಮಿಶ್ರಣದ 12 ಇಂಚಿನ ಮಣ್ಣಿನ ಕುಂಡಕ್ಕ ಹಾಕಿ ನೆಳ್ಳಿಗೆ ಇಡ್ರಿ. ನಾರತಿಲ್ಲ ಅಂದ್ರ ಜೂನ್ ತನಕ ಇದ್ದಲ್ಲೇ ಇರಲಿ. ಏಪ್ರಿಲ್ ಮೇ ತಿಂಗಳದಾಗ ಮಧ್ಯಾಹ್ನ 12ರ ಮ್ಯಾಲ 50% ಹಸರು ನೆಟ್. ಬುಡಕ್ಕ ಕಬ್ಬಿನ ರವದಿ ಎರಡಿಂಚು ಹಾಸ್ರಿ, ಕಾಂಡದಿಂದ 4 ಇಂಚು ದೂರ. ಕಾಂಡಕ್ಕ ತಾಗಿಸಿ ಹಾಕಿದ್ರ ಒರಲಿ ಬರತೈತಿ.

ಕುಂದಾನಗರಿ (ಬೆಳಗಾವಿ)

ಮಣ್ಣಿನ ವಿಷಯ ಮೇಲೆ ಬಂದಿದೆ. ಜಾತಿಯ ವಿಷಯ ನಾನು ಬರೆಯುತ್ತೇನೆ, ಏಕೆಂದರೆ ಏಳರಲ್ಲಿ ಒಂದು ಗಿಡ ಮಣ್ಣು ಎಷ್ಟೇ ಚೆನ್ನಾಗಿದ್ದರೂ ವಿಜಯಪುರದಲ್ಲಿ ಉಳಿಯುತ್ತಿರಲಿಲ್ಲ.

ನಿಂಬೆ ವಾಸನೆಯದು ಕುಪ್ರೆಸಸ್ ಮ್ಯಾಕ್ರೋಕಾರ್ಪಾ, ತಳಿಯ ಹೆಸರು ಗೋಲ್ಡ್‌ಕ್ರೆಸ್ಟ್. ಇದರ ತವರು ಕ್ಯಾಲಿಫೋರ್ನಿಯಾದ ಮಾಂಟೆರೆ ಕಡಲಂಚು: ಬೇಸಿಗೆಯಲ್ಲೂ ಮಂಜು, ತಣ್ಣನೆ ಗಾಳಿ. ಇದಕ್ಕೆ 40 ಡಿಗ್ರಿ ತೋರಿಸಿದರೆ ಮತ್ತೇನಾಗಬೇಕು? ಅದೂ ಅಲ್ಲದೆ ಇದು ಗಿಡ್ಡ ಜಾತಿಯೇ ಅಲ್ಲ, ಮರ. ಕುಂಡದಲ್ಲಿರುವಷ್ಟು ದಿನ ಪುಟ್ಟದಾಗಿ ಕಾಣುತ್ತದೆ ಅಷ್ಟೆ. ಬೆಳಗಾವಿಯಲ್ಲಿ ಕೂಡ ಇದನ್ನು ಅಕ್ಟೋಬರಿನಿಂದ ಫೆಬ್ರವರಿವರೆಗಿನ ಅಲಂಕಾರದ ಗಿಡ ಎಂದು ತಿಳಿದು ತರಬೇಕು, ಸೇವಂತಿಗೆ ತಂದ ಹಾಗೆ.

ಮೋರಪಂಖಿ ಸರಿಯಾದ ಆಯ್ಕೆ. ಶಾಲೆಯ ಮಕ್ಕಳು ವಿದ್ಯೆ ಬರುತ್ತದೆಂದು ಪುಸ್ತಕದಲ್ಲಿ ಇಡುವ ಎಲೆ ಇದರದೇ. ಸಸ್ಯಶಾಸ್ತ್ರದಲ್ಲಿ ಪ್ಲಾಟಿಕ್ಲಾಡಸ್ ಓರಿಯೆಂಟಾಲಿಸ್. ಹಿಂದೆ ಥುಜಾ ಎಂದು ಕರೆಯುತ್ತಿದ್ದರು, ನರ್ಸರಿಗಳಲ್ಲಿ ಈಗಲೂ ಅದೇ ಹೆಸರು. ಆ ಹೆಸರಿನ ಗೊಂದಲದಿಂದಲೇ ಹಲವರು ಅಮೆರಿಕದ ಥುಜಾ ಆಕ್ಸಿಡೆಂಟಾಲಿಸ್ ತಂದು ಕಳೆದುಕೊಳ್ಳುತ್ತಾರೆ. ಅದಕ್ಕೆ ತಂಪು, ಸದಾ ತೇವ ಬೇಕು. ಗುರುತಿಸುವುದು ಸುಲಭ. ಮೋರಪಂಖಿಯ ಎಲೆಯ ಹಾಳೆಗಳು ಪುಸ್ತಕ ನಿಲ್ಲಿಸಿದಂತೆ ನೆಟ್ಟಗೆ ಇರುತ್ತವೆ, ಎರಡೂ ಮುಖ ಒಂದೇ ಬಣ್ಣ. ಕಾಯಿ ಬೂದು ನೀಲಿ, ಮೇಲೆ ಕೊಕ್ಕೆಯಂಥ ಕೊಂಬುಗಳು. ಅಮೆರಿಕದ ಥುಜಾದ ಹಾಳೆಗಳು ಅಡ್ಡಕ್ಕೆ ಹರಡುತ್ತವೆ, ಕಾಯಿಗೆ ಕೊಂಬಿಲ್ಲ.

ಆದರೆ ಮೋರಪಂಖಿಯೆಲ್ಲ ಗಿಡ್ಡ ಅಲ್ಲ. ಬೀಜದಿಂದ ಬಂದ ಸಸಿ 10–15 ಅಡಿ ಸುಲಭವಾಗಿ ಏರುತ್ತದೆ. ಗಿಡ್ಡಕ್ಕೆ ಬೇಕಾದದ್ದು ಆರಿಯಾ ನಾನಾ ತಳಿ, ಅದನ್ನು ಕಡ್ಡಿಯಿಂದಲೇ ಮಾಡಿರಬೇಕು. ಕೊಳ್ಳುವಾಗ ಬುಡ ನೋಡಿ: ಬುಡದಿಂದಲೇ ನಾಲ್ಕಾರು ಕವಲು ಒತ್ತಾಗಿ ಎದ್ದು ಮೊಟ್ಟೆಯ ಆಕಾರ ಬಂದಿದ್ದರೆ ಸರಿ. ಒಂದೇ ನೇರ ಕಾಂಡ, ನಡುನಡುವೆ ಬೆರಳು ತೂರುವ ಖಾಲಿ, ಮೇಲೆ ಕತ್ತರಿಯಿಂದ ಗುಂಡಗೆ ಮಾಡಿದ ಗುರುತು ಇದ್ದರೆ ಅದು ಬೀಜದ ಸಸಿ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬಂಡವಾಳ ಬಯಲಾಗುತ್ತದೆ.

ಗಿಡ್ಡ ಎಂಬ ಮಾತಿಗೂ ಒಂದು ಅಳತೆ ಇದೆ. ಅಮೆರಿಕದ ಕೋನಿಫರ್ ಸೊಸೈಟಿ ವರ್ಷಕ್ಕೆ 2.5ರಿಂದ 15 ಸೆಂ.ಮೀ. ಬೆಳೆಯುವುದನ್ನು ಗಿಡ್ಡ ಎನ್ನುತ್ತದೆ, 2.5ಕ್ಕಿಂತ ಕಡಿಮೆಯದು ಮಿನಿಯೇಚರ್. ಅಂದರೆ ಬೆಳೆಯುವುದು ನಿಲ್ಲುವುದಿಲ್ಲ, ನಿಧಾನ ಅಷ್ಟೆ. ಆರಿಯಾ ನಾನಾ ಹತ್ತು ವರ್ಷದ ಹೊತ್ತಿಗೆ 3 ಅಡಿಯ ಆಸುಪಾಸಿಗೆ ಬರುತ್ತದೆ ಎಂದು ಲೆಕ್ಕ ಹಾಕಿ, 3 ಅಡಿ ಅಂತರ ಕೊಡಿ. 22 ಅಡಿಯಲ್ಲಿ ಎರಡೂ ತುದಿಗೆ 2 ಅಡಿ ಬಿಟ್ಟರೆ ಸರಿಯಾಗಿ 7 ಗಿಡ. ಈಗ ಖಾಲಿ ಕಾಣುತ್ತದೆಂದು ಒಂದೂವರೆ ಅಡಿಗೆ ನೆಟ್ಟರೆ ಮುಂದೆ ಒಂದಕ್ಕೊಂದು ತಾಗಿದ ಕಡೆ ಎಲೆ ಸತ್ತು ಖಾಯಂ ತೂತು ಬೀಳುತ್ತದೆ.

ಹರಡುವ ಜೂನಿಪರುಗಳಲ್ಲಿ ಪ್ರೊಕಂಬೆನ್ಸ್ ನಾನಾ ಒಂದು ಅಡಿಗಿಂತ ಎತ್ತರ ಹೋಗುವುದು ಅಪರೂಪ, ಆದರೆ ಅಗಲಕ್ಕೆ 5–6 ಅಡಿ ಹರಡುತ್ತದೆ; ನಿಮ್ಮ ಪಟ್ಟಿಯ ಅಂಚಿನಿಂದ ಕೆಳಗೆ ಇಳಿಯಬಿಟ್ಟರೆ ಅದೇ ಚೆಂದ. ಇನ್ನೊಂದು ಪೋಡೋಕಾರ್ಪಸ್ ಮ್ಯಾಕ್ರೋಫಿಲಸ್. ಎಲೆ ಅಗಲ ಇರುವುದರಿಂದ ಯಾರೂ ಇದನ್ನು ಕೋನಿಫರ್ ಎಂದುಕೊಳ್ಳುವುದಿಲ್ಲ, ಆದರೆ ಇದೂ ಕೋನಿಫರೇ. ತಾನಾಗಿ ಗಿಡ್ಡ ಅಲ್ಲ, ಆದರೆ ಕತ್ತರಿಗೆ ಚೆನ್ನಾಗಿ ಒಗ್ಗುತ್ತದೆ, ಹಳೆಯ ಕೊಂಬೆಯಿಂದಲೂ ಚಿಗುರುತ್ತದೆ. ಮಧ್ಯಾಹ್ನದ ನೆರಳಿರುವ ಜಾಗಕ್ಕೆ ಇದೇ ವಾಸಿ. ಸ್ಪ್ರೂಸ್, ಕೆಮಸಿಪಾರಿಸ್, ಮ್ಯೂಗೋ ಪೈನ್ ತಂಪು ನಾಡಿನವು, ಚಿತ್ರದಲ್ಲಿ ನೋಡಿ ಸಂತೋಷಪಡಿ. ಕ್ರಿಸ್‌ಮಸ್ ಗಿಡವೆಂದು ಮಾರುವ ಅರಕೇರಿಯಾ ದೊಡ್ಡ ಮರ, ಗುಂಡಗೆ ಕತ್ತರಿಸಿ ಇಡುವ ಸರ್ವೆ ಕೋನಿಫರೇ ಅಲ್ಲ, ಸೈಕಸ್ ಕೂಡ ಅಲ್ಲ.

ಗುಮ್ಮಟದೂರು (ವಿಜಯಪುರ)

ಮಸಾರಿ ಅಣ್ಣಾರ, ಕೆರದು ನೋಡಿದೆ. ನಿಂಬಿ ವಾಸನಿದು ಬುಡದ ತನಕ ಕಂದು. ಕೆಟ್ಟ ಮೋರಪಂಖಿಯೊಳಗ ಒಂದು ಮುಗದೈತಿ, ಇನ್ನೊಂದರ ಕಾಂಡ ಹಸರೈತಿ. 8 ಇಂಚಿನ್ಯಾಗ ಕರೀ ರಾಡಿ, ವಾಸನಿನೂ ಐತಿ. ಚಲೋ ಇರೋ ಎರಡರ ಹತ್ರ ವಾಸನಿ ಇಲ್ಲ, ಅಲ್ಲಿ ಪಟ್ಟಿ ಸ್ವಲ್ಪ ಎತ್ತರ ಐತಿ. ಹಸರಿದ್ದದ್ದನ್ನ ಸಂಜಿಗೆ ಕುಂಡಕ್ಕ ಹಾಕತೀನಿ.

ಬೋರಿನ ನೀರಿನ ಬಗ್ಗೆ ಯಾರೂ ಹೇಳಲಿಲ್ಲ. ಆರ್‌ಓ ಮಷೀನಿಂದ ಹೊರಗ ಬರೋ ನೀರು ಹಾಕಬಹುದೇನು? ಜೂನಿಪರ್ ಯಾಕ ಬೂದಿ ಬಣ್ಣಕ್ಕ ಬಂದಾವ, ಅವುಗಳ ಬುಡದಾಗ ರಾಡಿ ಇಲ್ಲ.

ಸವಳುನೀರು (ಜಮಖಂಡಿ)

ಆರ್‌ಓ ಹೊರಗ ಚೆಲ್ಲೋ ನೀರು ಬ್ಯಾಡವೇ ಬ್ಯಾಡ. ನಿಮ್ಮ ಬೋರಿನ ಉಪ್ಪು ಒತ್ತಾಗಿ ಬರೂದ ಅದರಾಗ. ಸಾಫ್ಟ್‌ನರ್ ನೀರೂ ಬ್ಯಾಡ, ಅದು ಸುಣ್ಣ ತಗದು ಸೋಡಿಯಂ ಸೇರಸತೈತಿ. ಎರಿ ಮಣ್ಣಿಗೆ ಸೋಡಿಯಂ ಬಿದ್ರ ಮಣ್ಣು ಇನ್ನೂ ಬಿಗಿ ಆಗತೈತಿ.

1,450 ಟಿಡಿಎಸ್ ನೀರಿಗೆ ಮೋರಪಂಖಿ, ಜೂನಿಪರ್ ತಡಕೋತಾವ, ಆದ್ರ ಉಪ್ಪು ಕೆಳಗ ಇಳದು ಹೋಗಬೇಕು. ದಿನಾ ಸ್ವಲ್ಪ ಸ್ವಲ್ಪ ಹಾಕೂದು ಎಲ್ಲಾಕ್ಕಿಂತ ಕೆಟ್ಟ ಪದ್ಧತಿ: ನೀರು ಆವಿ ಆಗತೈತಿ, ಉಪ್ಪು ಬೇರಿನ ಮಟ್ಟಕ್ಕ ಕೂಡತೈತಿ. ಮಣ್ಣಿನ ಮ್ಯಾಲ, ಕುಂಡದ ಅಂಚಿಗೆ ಬಿಳೀ ಪುಡಿ ಕಂಡ್ರ ಶುರುವಾಗೇತಿ ಅಂತ ತಿಳೀರಿ. ಎಲಿ ತುದಿ ಒಂದ ಸಮ ಸುಟ್ಟಂಗ ಆದ್ರ ಉಪ್ಪು; ಒಳಗಿಂದ ಕಂದಾದ್ರ ಬೇರು, ಇಲ್ಲಾ ಮುದಿ ಎಲಿ. ವರ್ಷಕ್ಕ ಒಂದ್ಸಲ ಒಳಗಿನ ಹಳೀ ಎಲಿ ಸ್ವಲ್ಪ ಕಂದಾಗಿ ಉದರೂದು ಈ ಜಾತಿಗೆ ಸಹಜ ಐತಿ, ಹೊರಗಿನ ಮೂರು ನಾಕು ಇಂಚು ಹಸರಿದ್ರ ಅಂಜೂದು ಬ್ಯಾಡ.

ಏರುಮಡಿ ಆದ ಮ್ಯಾಲ ಗಿಡಕ್ಕ ಎರಡು ಡ್ರಿಪ್ಪರ್, ತಾಸಿಗೆ 4 ಲೀಟರಿಂದು, ಕಾಂಡದಿಂದ ಒಂದು ಫೂಟ್ ದೂರ ಎರಡೂ ಬದಿಗೆ. ಏಪ್ರಿಲ್ ಮೇದಾಗ ಒಂದೂವರಿ ತಾಸು ಬಿಟ್ರ 12 ಲೀಟರ್ ಆತು. ಮೊದಲನೇ ಬ್ಯಾಸಗಿ 3 ದಿನಕ್ಕೊಮ್ಮೆ, ಎರಡನೇದರಿಂದ 5 ದಿನಕ್ಕೊಮ್ಮೆ. ಚಳಿಗಾಲದಾಗ 8–10 ದಿನ. ಮಳಿಗಾಲದಾಗ ವಾಲ್ ಬಂದ್ ಮಾಡ್ರಿ, ಎರಡು ವಾರ ಮಳಿ ಕೈಕೊಟ್ರ ಮಾತ್ರ ತಗೀರಿ. ಈ ಲೆಕ್ಕ ಕಡ್ಡಿ ಚುಚ್ಚಿ ನೋಡೂದಕ್ಕ ಬದಲಿ ಅಲ್ಲ.

ಕುಂಡದಾಗ ಇಟ್ಟದ್ದಕ್ಕ ಆರು ವಾರಕ್ಕೊಮ್ಮೆ ಉಪ್ಪು ತೊಳೀರಿ: 12 ಇಂಚಿನ ಕುಂಡದಾಗ ಸುಮಾರು 15 ಲೀಟರ್ ಮಣ್ಣು ಹಿಡದ್ರ ಅದರ ಎರಡರಷ್ಟು, 30 ಲೀಟರ್ ಮಳಿ ನೀರು ಇಲ್ಲಾ ನಳದ ನೀರು, ಮೂರು ಸಲ ಮಾಡಿ ಸಾವಕಾಶ ಸುರೀರಿ. ಕೆಳಗಿನ ತಾಟು ತಗದು ಇಡ್ರಿ, ಇಲ್ಲಾಂದ್ರ ತೊಳದದ್ದನ್ನ ಮತ್ತ ಕುಡೀತೈತಿ. ಮಳಿ ನೀರು ಎಲ್ಲಿಂದ ಅಂದ್ರ, 600 ಚದರ ಅಡಿ ಮಾಳಿಗಿ ಮ್ಯಾಲ 10 ಮಿ.ಮೀ. ಮಳಿ ಬಿದ್ರ 550 ಲೀಟರ್. ಸೋರಿದ್ದು ಬಿಟ್ಟು 450 ಹಿಡೀರಿ. ಒಂದು ಅಡ್ಡಮಳಿಗೆ ಎರಡು ಡ್ರಮ್ ತುಂಬತಾವ.

ಹೊಸಾ ಚಿಗುರು ಹಳದಿ, ಹಳೇದು ಹಸರು ಇದ್ರ ಅದು ಕಬ್ಬಿಣದ ಕೊರತಿ. ಸುಣ್ಣದ ಎರಿ ಮಣ್ಣಿನ ಹಣೇಬರಹ. ಫೆರಸ್ ಸಲ್ಫೇಟ್ ಮಣ್ಣಿಗೆ ಹಾಕಿದ್ರ ದಂಡ, ಅಲ್ಲೇ ಕಟ್ಟಿ ಕೂಡತೈತಿ. ಲೀಟರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ ಕಲಸಿ ಸಂಜಿಗೆ ಎಲಿಗೆ ಸಿಂಪಡಸ್ರಿ. ಮಣ್ಣಿಗೇ ಕೊಡಬೇಕು ಅಂದ್ರ ಇಡಿಡಿಎಚ್‌ಎ ಕೀಲೇಟ್ (ಸುಣ್ಣದ ಮಣ್ಣಾಗೂ ಕಟ್ಟದ ಉಳಿಯೋ ಕಬ್ಬಿಣದ ಪುಡಿ) ತರ್ರಿ. ಅಗ್ಗದ ಇಡಿಟಿಎ ನಮ್ಮ ಮಣ್ಣಾಗ ನಿಲ್ಲೂದಿಲ್ಲ. ಬಂಗಾರ ಬಣ್ಣದ ತಳಿಯೊಳಗ ಹಳದಿ ಚಿಗುರು ಸಹಜ, ಅದಕ್ಕ ಔಷಧಾ ಮಾಡಬ್ಯಾಡ್ರಿ ಮತ್ತ.

ತಂಪೊತ್ತು (ಬೆಳಗಾವಿ)

ಜೂನಿಪರಿನ ಬೂದು ಬಣ್ಣ ನನಗೆ ನೀರಿನದು ಅನಿಸುತ್ತಿಲ್ಲ. ಬಿಳಿ ಹಾಳೆಯೊಂದನ್ನು ಕೊಂಬೆಯ ಕೆಳಗೆ ಹಿಡಿದು ಕೊಂಬೆಯನ್ನು ಮೂರು ನಾಲ್ಕು ಸಲ ತಟ್ಟಿ. ಅರ್ಧ ನಿಮಿಷ ಸುಮ್ಮನಿದ್ದು ನೋಡಿ, ಬಿದ್ದ ಧೂಳಿನಲ್ಲಿ ಚುಕ್ಕೆಗಳು ನಡೆಯುತ್ತಿದ್ದರೆ ನುಸಿ. ಒಂದೇ ಕೊಂಬೆಗೆ ಹತ್ತಕ್ಕಿಂತ ಹೆಚ್ಚು ಕಂಡರೆ ಕೆಲಸ ಶುರು ಮಾಡಬೇಕು. ಒಣ ಹವೆ, ಧೂಳು, ಗೋಡೆಯ ಕಾವು: ಫೆಬ್ರವರಿಯಿಂದ ಮಳೆ ಬರುವವರೆಗೆ ಇವಕ್ಕೆ ಹಬ್ಬ.

ಔಷಧಕ್ಕಿಂತ ಮೊದಲು ನೀರು. ಬೆಳಿಗ್ಗೆ ಆರರ ಹೊತ್ತಿಗೆ ಪೈಪಿನ ಬಾಯಿ ಬೆರಳಿನಿಂದ ಒತ್ತಿ, ಕೆಳಗಿನಿಂದ ಮೇಲಕ್ಕೆ, ಕೊಂಬೆಯ ಒಳಭಾಗಕ್ಕೆ ರಭಸದಿಂದ ಹೊಡೆಯಿರಿ. ಮೂರು ದಿನಕ್ಕೊಮ್ಮೆ, ನಾಲ್ಕು ಸಲ. ಮೊಟ್ಟೆ ಒಡೆದು ಮತ್ತೆ ಬರುವುದರಿಂದ ಒಂದೇ ಸಲಕ್ಕೆ ಬಿಟ್ಟರೆ ವ್ಯರ್ಥ. ಇದಕ್ಕೆ ಬೋರಿನ ನೀರು ಬೇಡ, ಎಲೆಯ ಮೇಲೆ ಉಪ್ಪು ಉಳಿಯುತ್ತದೆ, ನಲ್ಲಿ ನೀರು ಬಳಸಿ. ಆಮೇಲೂ ಇದ್ದರೆ ನೀರಿನಲ್ಲಿ ಕರಗುವ 80% ಗಂಧಕ ಲೀಟರಿಗೆ 2 ಗ್ರಾಂ. ಆದರೆ ಹಗಲಿನ ಉಷ್ಣತೆ 32 ಡಿಗ್ರಿ ದಾಟುವ ದಿನಗಳಲ್ಲಿ ಗಂಧಕ ಎಲೆ ಸುಡುತ್ತದೆ, ಅಂದರೆ ವಿಜಯಪುರದವರಿಗೆ ಈಗ ಅದು ಇಲ್ಲವೆಂದೇ ತಿಳಿಯಿರಿ. ಬೇವಿನೆಣ್ಣೆ ಲೀಟರಿಗೆ 5 ಮಿ.ಲೀ., ಸೋಪಿನ ದ್ರಾವಣದೊಂದಿಗೆ, ಸೂರ್ಯ ಮುಳುಗಿದ ಮೇಲೆ, ಮೊದಲು ಒಂದೇ ಕೊಂಬೆಗೆ ಹೊಡೆದು ಎರಡು ದಿನ ನೋಡಿ. ನೀಲಿ ಜೂನಿಪರಿಗೆ ಯಾವ ಎಣ್ಣೆಯೂ ಬೇಡ. ಆ ನೀಲಿ ಎಂದರೆ ಮೇಲಿನ ಮೇಣ, ಎಣ್ಣೆ ಅದನ್ನು ಕರಗಿಸಿ ಹಸಿರು ಮಾಡಿಬಿಡುತ್ತದೆ. ಅಂಗಡಿಯವರು ಕೈಗೆ ಕೊಡುವ ಸೈಪರ್‌ಮೆಥ್ರಿನ್ ಜಾತಿಯ ಕೀಟನಾಶಕ ಹೊಡೆದರೆ ನುಸಿಯನ್ನು ತಿನ್ನುವ ಹುಳುಗಳು ಸತ್ತು ನುಸಿ ಇನ್ನೂ ಹೆಚ್ಚುತ್ತದೆ.

ನುಸಿ ರಸ ಹೀರಿದ ಎಲೆ ಮತ್ತೆ ಹಸಿರಾಗುವುದಿಲ್ಲ. ಮಳೆಗಾಲದ ಹೊಸ ಚಿಗುರಿನ ಮೇಲೆ ಕಣ್ಣಿಡಿ.

ಜಂಬಿಟ್ಟಿಗೆ (ಬೆಳಗಾವಿ, ತಿಲಕವಾಡಿ)

ನಡುವ ಬಾಯಿ ಹಾಕತೀನಿ. ನಮ್ಮಲ್ಲಿ ಮಣ್ಣು ಕೆಂಪು, ನೀರು ನಿಲ್ಲೂದಿಲ್ಲ. ಆದ್ರ ಜುಲೈ ಆಗಸ್ಟಿನ್ಯಾಗ ಮೋರಪಂಖಿ ಕೆಳಗಿನ ಎಲಿ ಕಂದಾಗಿ ಪುಡಿ ಪುಡಿ ಉದರತಾವ. ಗುಂಡು ಗಿಡ ನಡುವಿಂದ ಒಡದು ಹರಕೊಂಡು ಬೀಳತೈತಿ. ಇದಕ್ಕೂ ಏರುಮಡಿ ಬೇಕೇನು?

ಕುಂದಾನಗರಿ (ಬೆಳಗಾವಿ)

ನಿಮಗೆ 15 ಇಂಚು ಬೇಡ, 5–6 ಇಂಚು ದಿಬ್ಬ ಸಾಕು. ಸತತ ಮಳೆಯಲ್ಲಿ ಬುಡದ ಸುತ್ತ ನೀರು ಹರಿದು ಹೋಗಬೇಕು ಅಷ್ಟೆ. ಹೊಸದಾಗಿ ನೆಡುವುದಿದ್ದರೆ ಬೆಳಗಾವಿಯಲ್ಲಿ ಜೂನ್ ಬೇಡ, ಮಳೆ ತಗ್ಗಿದ ಮೇಲೆ ಸೆಪ್ಟೆಂಬರ್ ಕೊನೆಗೆ ನೆಡಿ. ವಿಜಯಪುರ, ಬಾಗಲಕೋಟೆಯವರಿಗೆ ಇದರ ಉಲ್ಟಾ, ಮೊದಲ ಎರಡು ಹದ ಮಳೆಯಾದ ಕೂಡಲೇ.

ಕಂದಾಗಿ ಉದುರುವುದು ಶಿಲೀಂಧ್ರ. ಎಲೆ ದಿನಗಟ್ಟಲೆ ಒದ್ದೆ ಇದ್ದು, ಒಳಗೆ ಗಾಳಿ ಆಡದಿದ್ದರೆ ಬರುತ್ತದೆ. ಮೇ ತಿಂಗಳಲ್ಲೇ ಗಿಡದೊಳಗೆ ಕೈ ಹಾಕಿ ಒಣಗಿದ ಎಲೆಯನ್ನೆಲ್ಲ ಉದುರಿಸಿ, ಬುಡದಲ್ಲಿ ಬಿದ್ದದ್ದನ್ನು ಗುಡಿಸಿ ಸುಟ್ಟುಬಿಡಿ. ಅದರಲ್ಲೇ ಬೀಜಕಣ ಉಳಿಯುತ್ತದೆ. ನೆಲಕ್ಕೆ ತಾಗುವ ಕೊಂಬೆ ನಾಲ್ಕಿಂಚು ಎತ್ತರಕ್ಕೆ ತೆಗೆಯಿರಿ. ಮಳೆ ಬಿಡುವು ಕೊಟ್ಟ ದಿನ ಕಾಪರ್ ಆಕ್ಸಿಕ್ಲೋರೈಡ್ ಲೀಟರಿಗೆ 3 ಗ್ರಾಂ, ಅಂಟು ದ್ರಾವಣ ಸೇರಿಸಿ, 15 ದಿನದ ಅಂತರದಲ್ಲಿ ಎರಡು ಸಲ. ಹೊರಗೆ ಹೊಡೆದರೆ ಪ್ರಯೋಜನವಿಲ್ಲ, ನಳಿಕೆ ಒಳಗೆ ತೂರಿಸಿ.

ಗುಂಡು ಗಿಡ ಒಡೆಯುವುದು ನೀರಿನ ಭಾರಕ್ಕೆ. ಹಳೆಯ ಹತ್ತಿ ಸೀರೆಯ ಅಂಚಿನ ಪಟ್ಟಿಯಿಂದ ಒಳಗಿನ ಕವಲುಗಳನ್ನು ಎರಡು ಎತ್ತರದಲ್ಲಿ, ಗಿಡದ ಮೂರನೇ ಒಂದು ಮತ್ತು ಮೂರನೇ ಎರಡರ ಮಟ್ಟದಲ್ಲಿ, ಎಂಟರ ಆಕಾರದ ಕುಣಿಕೆ ಹಾಕಿ ಸಡಿಲವಾಗಿ ಕಟ್ಟಿ. ತಂತಿ, ನೈಲಾನ್ ಬೇಡ, ಒಂದೇ ವರ್ಷದಲ್ಲಿ ತೊಗಟೆಯೊಳಗೆ ಇಳಿಯುತ್ತದೆ. ಯೂರಿಯಾ ಹಾಕುತ್ತಿದ್ದರೆ ನಿಲ್ಲಿಸಿ. ಸಾರಜನಕ ಹೆಚ್ಚಾದ ಗಿಡದ ಚಿಗುರು ಮೆತ್ತಗೆ, ಉದ್ದ; ಮಳೆಗೆ ಅದೇ ಮೊದಲು ಮಲಗುವುದು. ವರ್ಷಕ್ಕೆ ಎರಡು ಹಿಡಿ ಕಳಿತ ಗೊಬ್ಬರ ಈ ಜಾತಿಗೆ ಊಟ, ಅದಕ್ಕಿಂತ ಹೆಚ್ಚು ಬೇಡ.

ಮಸಾರಿ (ಬಾಗಲಕೋಟ)

ಕತ್ತರಿ ಪ್ರಶ್ನೆ ಉಳದೈತಿ. ಕಂದಾದ ಕೊಂಬಿ ಕತ್ತರಿಸಿದ್ರ ಹೊಸಾ ಚಿಗುರು ಬರೂದಿಲ್ರಿ. ಮೋರಪಂಖಿ, ಜೂನಿಪರ್ ಎರಡಕ್ಕೂ ಹಸರು ಎಲಿ ಇಲ್ಲದ ಹಳೀ ಕಟಗಿಯಿಂದ ಕಣ್ಣು ಒಡೆಯೂದಿಲ್ಲ. ಎಲ್ಲಿ ಕತ್ತರಿ ಇಟ್ರೂ ಆ ಕೊಂಬಿ ಮ್ಯಾಲ ಒಂದೆರಡು ಇಂಚು ಹಸರು ಉಳೀಲೇಬೇಕು. ಒಂದು ಬದಿ ಪೂರಾ ಕಂದಾಗಿದ್ರ ಆ ಬದಿ ತುಂಬೂದು ಸುಳ್ಳು. ಕುಂಡದ ಗಿಡ ಬದುಕಿದ್ರ ಆ ಬದಿ ಗ್ವಾಡಿಗೆ ತಿರುಗಿಸಿ ಹಚ್ಚ್ರಿ. (ಪೋಡೋಕಾರ್ಪಸ್ ಲೆಕ್ಕ ಬ್ಯಾರೆ, ಕುಂದಾನಗರಿ ಸರ ಹೇಳ್ಯಾರ.)

ಆಕಾರ ಕೊಡೂದು ವರ್ಷಕ್ಕ ಎರಡು ಸಲ ಸಾಕು: ಜುಲೈ ಸುಮಾರಿಗೆ ಒಮ್ಮೆ, ನವೆಂಬರಿನ್ಯಾಗ ಒಮ್ಮೆ, ಹೊಸಾ ಚಿಗುರಿನ ಮೂರನೇ ಒಂದು ಪಾಲು. ಮ್ಯಾಲ ಸಣ್ಣದು, ಬುಡಕ್ಕ ಅಗಲ ಇರಲಿ, ತೆಂಗಿನಕಾಯಿ ನಿಲ್ಲಿಸಿದಂಗ. ಮ್ಯಾಲ ಅಗಲ ಬಿಟ್ರ ಬುಡಕ್ಕ ಬಿಸಲು ಸಿಗದ ಕೆಳಗಿನ ಎಲಿ ಸಾಯತಾವ. ಹೋಳಿಹುಣ್ಣಿವಿ ಆದ ಮ್ಯಾಲ ಕತ್ತರಿ ಮುಟ್ಟಬ್ಯಾಡ್ರಿ. ಇಷ್ಟು ದಿನ ನೆಳ್ಳಾಗಿದ್ದ ಒಳಗಿನ ಎಲಿ ಒಮ್ಮೆಲೆ ಬಿಸಲಿಗೆ ಬಂದು ಸುಡತಾವ.

ಜೂನಿಪರ್ ಕತ್ತರಿಸಿದ್ದು ಒಗೀಬ್ಯಾಡ್ರಿ. ಜುಲೈದಾಗ 4 ಇಂಚಿನ ಪಕ್ಕದ ಕಡ್ಡಿ, ಬುಡಕ್ಕ ಹಳೀ ಕಟಗಿಯ ಸಣ್ಣ ಹಿಮ್ಮಡಿ ಸಮೇತ ಕೆಳಮುಖ ಎಳದು ಕೀಳ್ರಿ. ಕೆಳಗಿನ ಅರ್ಧ ಎಲಿ ಸವರಿ, ಬೇರು ಬಿಡಿಸೋ ಐಬಿಎ ಪುಡಿಯಾಗ ಅದ್ದಿ, ತೊಳದ ಉಸುಕು ಮುಕ್ಕಾಲು, ತೊಳದ ಕೋಕೋಪೀಟ್ ಕಾಲು ಹಾಕಿದ ತಟ್ಟಿಯೊಳಗ ಚುಚ್ಚಿ ನೆಳ್ಳಿಗೆ ಇಡ್ರಿ. ಎರಡೂವರಿ ಮೂರು ತಿಂಗಳು ಬೇಕು. ಎಳದು ನೋಡಬ್ಯಾಡ್ರಿ, ತುದಿಗೆ ಹೊಸಾ ಹಸರು ಕಂಡಾಗ ಬೇರು ಬಂದಾವ. ನಿಮ್ಮ ಪಟ್ಟಿಗೆ ಮುಂದಿನ ವರ್ಷ ಬೇಕಾಗೋ ಗಿಡ ಇದರಾಗ ಆಗತಾವ.

ಗುಮ್ಮಟದೂರು (ವಿಜಯಪುರ)

ಹಾಳಿ ಮ್ಯಾಲ ಚುಕ್ಕಿ ನಡದಾಡಿದ್ವು, ತಂಪೊತ್ತು ಅವರ ಮಾತು ಖರೇ. ನಾಳೆಯಿಂದ ನಳದ ನೀರು ಹೊಡೀತೀನಿ. ಖಾಲಿಯಾದ ಮೂರು ಜಾಗಾದಾಗ ಜೂನ್ ತನಕ ಬ್ಯಾರೆ ಏನರ ಹಚ್ಚಬಹುದೇನು?

ಮಸಾರಿ (ಬಾಗಲಕೋಟ)

ಹಚ್ಚಬ್ಯಾಡ್ರಿ. ರಾಡಿ ತಗದು ತಗ್ಗು ಏಪ್ರಿಲ್ ಬಿಸಲಿಗೆ ಬಾಯಿ ತಗದು ಬಿಡ್ರಿ, ನಾರೂದು ಹೋಗಿ ಮಣ್ಣು ಒಣಗಿ ಪುಡಿ ಆಗಲಿ. ಮೇ ಎರಡನೇ ವಾರ ಎರಿ ತುಂಬಿ ತುಳದು, ಫರಸಿ ನಿಲ್ಲಿಸಿ ಏರುಮಡಿ ಮಾಡಿ ಇಟ್ರ ಅಡ್ಡಮಳಿಗೆ ಮಣ್ಣು ಕುಂತು ಅಳತಿ ತಿಳೀತೈತಿ. ಎರಡಿಂಚು ಕುಂದಿದ್ರ ಮಿರಗಾ ಮಳಿಗಿಂತ ಮೊದಲ ಅಷ್ಟನ್ನ ತಿರುಗಿ ಏರಿಸಿ, ಆಮ್ಯಾಲ ಗಿಡ ಇಡ್ರಿ. ಗಿಡದ ಕೊರಳು (ಕಾಂಡ, ಬೇರು ಕೂಡೋ ಜಾಗ) ಮಣ್ಣಿನ ಮಟ್ಟಕ್ಕಿಂತ ಒಂದು ಬೆರಳು ಮ್ಯಾಲ ಇರಲಿ.